ನೀರಾನೆಯ ಬಾಯಿ

ನನ್ನ ಸೊಸೆ ಬಾಯಿ ಬರೆಯುವ ಕೆಲಸ ಮಾಡುತ್ತಾಳೆ. ಹೀಗೆಂದರೆ ಕೇಳಿದವರು ಒಂದು ಕ್ಷಣ ನನ್ನ ಮುಖವನ್ನೇ ನೋಡುತ್ತಾರೆ. ಪಕ್ಕದ ಪಾತ್ರೆಯಂಗಡಿಯವರ ಹೆಂಡತಿಗೆ ಅರ್ಧ ಕಿವುಡು. ಅವಳು ಅದನ್ನು ಬಾಯಿ ಬಡಿಯುವ ಕೆಲಸ ಎಂದು ಕೇಳಿಸಿಕೊಂಡು, ಅದನ್ನು ನಮ್ಮನೆಯಲ್ಲಿ ನಾನು ಪುಕ್ಕಟೆ ಮಾಡುತ್ತೇನಲ್ಲ, ನಿಮ್ಮ ಸೊಸೆಗೆ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿದ್ದಳು.

ಟೀವಿಯ ಕಾರ್ಟೂನಿನಲ್ಲಿ ಪ್ರಾಣಿಗಳು ಮಾತಾಡುತ್ತವಲ್ಲ, ಆ ಮಾತಿಗೆ ಸರಿಯಾಗಿ ತುಟಿ ಅಲುಗಬೇಕು. ಕಥೆ ಕಟ್ಟುವವರು ಬೇರೆ, ಧ್ವನಿ ಕೊಡುವವರು ಬೇರೆ, ಮೈಕೈ ಬರೆಯುವವರು ಬೇರೆ. ಇವಳ ಪಾಲಿಗೆ ಬಂದದ್ದು ಬಾಯಿ ಮಾತ್ರ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೊಂದೇ ಅಕ್ಷರ ಕೇಳಿ ಬಾಯಿ ಕೂರಿಸುತ್ತಾಳೆ. ಪ, ಬ, ಮ ಬಂದರೆ ತುಟಿ ಕೂಡಬೇಕು. ಆ ಬಂದರೆ ದವಡೆ ಇಳಿಯಬೇಕು. ವ ಬಂದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಅ ಆ ಇ ಈ ಹೇಳಿಸುತ್ತಿದ್ದಳು. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ, ಆದರೆ ಅಕ್ಷರಮಾಲೆ ಮರೆತಿಲ್ಲ. ನನಗೆ ಮುಂದಿನ ಎರಡು ಹಲ್ಲಿಲ್ಲ. ಶ ಹೇಳುವಾಗ ಅಲ್ಲಿಂದ ಗಾಳಿ ಹೋಗುವುದನ್ನು ನೋಡಿ, ಅದೂ ಬೇಕು ನಂಗೆ ಅತ್ತೆ, ಇನ್ನೊಂದು ಸಲ ಹೇಳಿ ಅನ್ನುತ್ತಿದ್ದಳು. ಆಮೇಲೆ ನೋಡಿದರೆ ಒಂದು ಮುದಿ ಆಮೆ ನನ್ನ ಹಾಗೆಯೇ ಉಸ್ಸೆನ್ನುತ್ತ ಟೀವಿಯಲ್ಲಿ ಮಾತಾಡುತ್ತಿತ್ತು.

ಅವಳ ಅಪ್ಪನದು ಫೋಟೋ ಸ್ಟುಡಿಯೋ. ಫೋಟೋ ತೆಗೆಯುವಾಗ ಕಣ್ಣು ಮುಚ್ಚಿದವರಿಗೆ ಸಣ್ಣ ಕುಂಚದಲ್ಲಿ ಕಣ್ಣು ತೆರೆಸುವುದನ್ನು ಇವಳು ಲಂಗ ಹಾಕುವ ವಯಸ್ಸಿನಲ್ಲೇ ಕಲಿತಿದ್ದಳಂತೆ. ಎಲ್ಲರ ಕೈಗೂ ಮೊಬೈಲ್ ಬಂದು ಸ್ಟುಡಿಯೋದ ಬಾಗಿಲು ಮುಚ್ಚಿತು. ಇವಳು ಕಂಪ್ಯೂಟರ್ ಕಲಿತು ಈ ಕಾರ್ಟೂನ್ ಕಂಪನಿಗೆ ಸೇರಿದಳು. ಕಂಪನಿ ಎಂದರೆ ಹಾಸಿಗೆ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ. ಕೆಳಗೆ ಹತ್ತಿ ತುಂಬುವಾಗ ಮೆಟ್ಟಿಲ ಮೇಲೆಲ್ಲ ಹತ್ತಿ ಹಾರಾಡುತ್ತದೆ. ಸಂಜೆ ಅವಳು ಮನೆಗೆ ಬಂದಾಗ ತಲೆ ನೋಡಿದರೆ ನನಗಿಂತ ಮುದುಕಿಯಂತೆ ಕಾಣುತ್ತಾಳೆ.

ಈ ಕೆಲಸದಿಂದ ಅವಳಿಗೊಂದು ಚಾಳಿ ಅಂಟಿಕೊಂಡಿದೆ. ಯಾರು ಮಾತಾಡಿದರೂ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾಳೆ. ನನ್ನ ಮಗನನ್ನು ಮೊದಲ ಸಲ ಭೇಟಿಯಾದ ದಿನವೂ ಅಷ್ಟೇ. ತನ್ನ ಹಲ್ಲಿಗೆ ಏನೋ ಸಿಕ್ಕಿಕೊಂಡಿದೆ ಎಂದುಕೊಂಡು ಅವನು ಕರವಸ್ತ್ರದಿಂದ ಮತ್ತೆ ಮತ್ತೆ ತುಟಿ ಒರೆಸಿಕೊಂಡಿದ್ದ.

ಮಗ ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುತ್ತಾನೆ. ನಲ್ಲಿ ಬರಲಿಲ್ಲ, ಕೊಳಕು ನೀರು ಬಂತು, ಪೈಪು ಒಡೆಯಿತು, ಇವನ್ನೆಲ್ಲ ಮೊದಲು ಕೇಳುವವನು ಅವನು. ಕೆಲಸ ಹಂಗಾಮಿ. ಮದುವೆಗೆ ಮುಂಚೆಯೂ ಹಂಗಾಮಿ, ಮದುವೆಯಾದ ಮೇಲೂ ಹಂಗಾಮಿ. ಖಾಯಂ ಆಗುವುದು ಅವನ ಸಾಹೇಬರ ಕೈಯಲ್ಲಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ವರ್ಷಕ್ಕೊಂದು ಸಲ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಕೇಳುತ್ತಾನೆ. ಸಾಹೇಬರು ಏನೆಂದರು ಎಂದು ನಾವು ಕೇಳುತ್ತೇವೆ. ನೋಡೋಣ ಅಂದ್ರು ಅನ್ನುತ್ತಾನೆ. ಅದನ್ನು ನೆಚ್ಚಿಕೊಂಡು ಇನ್ನೊಂದು ವರ್ಷ ಕಳೆಯುತ್ತೇವೆ. ಮಗು ಬೇಕೆಂಬ ಮಾತು ಬಂದಾಗಲೂ ಖಾಯಂ ಆಗಲಿ ಅನ್ನುವುದು, ಬೇರೆ ಮನೆ ನೋಡುವ ಮಾತಿಗೂ ಖಾಯಂ ಆಗಲಿ ಅನ್ನುವುದು. ಆ ಒಂದು ಮಾತಿನ ಬಾಗಿಲಲ್ಲಿ ನಮ್ಮ ಬದುಕೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿತ್ತು.

ಹೀಗಿರುವಾಗ ಸೊಸೆಯ ಕಂಪನಿಯವರು ದೊಡ್ಡವರಿಗೆಂದು ಒಂದು ಕಾರ್ಟೂನ್ ಶುರು ಮಾಡಿದರು. ಕಾರ್ಟೂನ್ ಅಂದರೆ ಮಕ್ಕಳದ್ದೇ ಎಂದುಕೊಂಡು ಪಾತ್ರೆಯಂಗಡಿಯವಳು ಮೊಮ್ಮಕ್ಕಳನ್ನು ಟೀವಿಯ ಮುಂದೆ ಕೂರಿಸಿದಳು. ತೆರೆಯ ಮೇಲೆ ಹಂದಿಯೊಂದು ಕುಡಿದು ಭಾಷಣ ಮಾಡುತ್ತ, ಎದುರು ಪಕ್ಷದವರ ಹುಟ್ಟನ್ನೆಲ್ಲ ಎತ್ತಿ ಆಡಲು ಶುರು ಮಾಡಿದಾಗ ಗಾಬರಿಯಾಗಿ ಟೀವಿ ಆರಿಸಿ, ಸೀದಾ ನಮ್ಮ ಮನೆಗೆ ಬಂದು ನನ್ನನ್ನು ಬೈದು ಹೋದಳು. ಆಮೇಲೆ ಮಕ್ಕಳನ್ನು ಆಟಕ್ಕೆ ಕಳಿಸಿ ತಾನೊಬ್ಬಳೇ ನೋಡುತ್ತಿದ್ದಳು.

ಅದರಲ್ಲಿ ಒಂದು ಪ್ರಾಣಿಗಳ ಊರು. ಊರಿನ ನಲ್ಲಿಗಳೆಲ್ಲ ಒಣಗಿವೆ. ನೀರಿನ ಮಂತ್ರಿ ಒಂದು ನೀರಾನೆ. ಊರಿಗಿರುವ ಒಂದೇ ತೊಟ್ಟಿಯಲ್ಲಿ ಅದು ಮೂಗಿನ ಹೊಳ್ಳೆ ಮಾತ್ರ ಹೊರಗಿಟ್ಟುಕೊಂಡು ಮಲಗಿರುತ್ತದೆ. ಕುರಿ, ನಾಯಿ, ಕತ್ತೆ ಎಲ್ಲವೂ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತಿರುತ್ತವೆ. ಒಂದು ಕೋಳಿ ಸಾಲಿನಲ್ಲೇ ಮೊಟ್ಟೆಯಿಟ್ಟು, ಮರಿಯಾಗಿ, ಮರಿ ದೊಡ್ಡದಾಗಿ, ಅಮ್ಮನ ಬಿಂದಿಗೆ ಹಿಡಿದು ಅದೇ ಜಾಗದಲ್ಲಿ ನಿಲ್ಲುತ್ತದೆ. ಟೀವಿ ಸುದ್ದಿಯ ಕಾಗೆ ಬಂದು ಮೈಕು ಹಿಡಿದು, ಮಂತ್ರಿಗಳೇ ನೀರು ಯಾವಾಗ ಅನ್ನುತ್ತದೆ. ನೀರಾನೆ ನಿಧಾನವಾಗಿ ತಲೆಯೆತ್ತಿ ಒಂದೇ ಮಾತು ಹೇಳುತ್ತದೆ. ನೋಡೋಣ. ಅಷ್ಟು ಕೇಳಿ ಸಾಲಿನವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಊರಿನವರು ಅದಕ್ಕೆ ಇಟ್ಟ ಹೆಸರು ನೋಡೋಣಪ್ಪ.

ಮಾತಿಗಿಂತ ಆ ಬಾಯಿಗೆ ಜನ ಬಿದ್ದು ಬಿದ್ದು ನಕ್ಕರು. ನೋ ಎನ್ನುವಾಗ ತುಟಿ ಗುಂಡಗಾಗಿ, ಡೋ ಎನ್ನುವಾಗ ಆ ಗುಂಡು ಎಡಕ್ಕೆ ಜಾರಿ, ಣ ಎನ್ನುವಷ್ಟರಲ್ಲಿ ಕೆಳತುಟಿ ಮುಂದೆ ಬಂದು ಜೋತುಬೀಳುತ್ತಿತ್ತು. ಅದೇ ಹೊತ್ತಿಗೆ ಕಣ್ಣು ಮೆಲ್ಲಗೆ ಮೇಲೆ ಹೋಗುತ್ತಿತ್ತು, ಉತ್ತರ ತೊಟ್ಟಿಗೆ ಗಾಳಿ ಹಾಕುವ ಫ್ಯಾನಿನ ರೆಕ್ಕೆಯ ಮೇಲೆ ಬರೆದಿದೆಯೇನೋ ಎಂಬಂತೆ.

ಮೊದಲ ದಿನ ಮೂವರೂ ಒಟ್ಟಿಗೆ ಕೂತು ನೋಡಿದೆವು. ಮಗ ತೊಡೆ ತಟ್ಟಿಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನಗೆ ನಗು ಬರಲಿಲ್ಲ. ತೊಟ್ಟಿಯಲ್ಲಿ ಕೂತಿದ್ದವನು ನನ್ನ ಮಗ. ನಾನು ಏನು ಕೇಳಿದರೂ ಅವನು ಹೇಳುವುದು ಅದೇ ಮಾತು, ಮಾಡುವುದು ಅದೇ ಬಾಯಿ. ಪಕ್ಕಕ್ಕೆ ನೋಡಿದೆ. ಸೊಸೆ ಟೀವಿ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಅಡುಗೆಮನೆಗೆ ಬಂದವಳು ತಟ್ಟೆ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ಗೊತ್ತಾಯ್ತಾ ಅತ್ತೆ?”

“ಆಯ್ತಮ್ಮ.”

“ಅವರಿಗೆ ಮಾತ್ರ ಹೇಳ್ಬೇಡಿ.”

ಬೇಕೆಂದು ಮಾಡಿದ್ದಲ್ಲವಂತೆ. ಕಿವಿಯಲ್ಲಿ ಆ ಮಾತು ಬಿದ್ದಾಗ ಕೈ ತಾನಾಗಿ ಆ ಬಾಯಿ ಬರೆಯಿತಂತೆ. ಈ ಮನೆಯಲ್ಲಿ ಹೆಚ್ಚು ಕೇಳಿದ ಮಾತು ಅದೇ ಅಲ್ವಾ ಅತ್ತೆ ಎಂದಳು. ಅಳಿಸಬೇಕೆಂದು ಅವಳು ಯೋಚಿಸುವಷ್ಟರಲ್ಲಿ ಕಂಪನಿಯ ಯಜಮಾನ ಹಿಂದೆ ಬಂದು ನಿಂತು, ಇಂಥ ಬಾಯಿಯನ್ನು ತನ್ನ ಜನ್ಮದಲ್ಲೇ ನೋಡಿಲ್ಲ ಎಂದು ಎಲ್ಲರನ್ನೂ ಕರೆದು ತೋರಿಸಿದ್ದನಂತೆ.

ಅವತ್ತಿನಿಂದ ಅವಳಿಗೆ ಪುಕಪುಕ ಶುರುವಾಯಿತು. ಗಂಡ ಬಾಯಿ ತೆರೆದರೆ ಸಾಕು, ಆ ಮಾತು ಬರುತ್ತದೇನೋ ಎಂದು ಅವಳೇ ಬೇರೆ ಮಾತು ತೆಗೆಯುತ್ತಿದ್ದಳು. ಕಾರ್ಟೂನ್ ಬರುವ ಸಂಜೆ ತಲೆನೋವೆಂದು ಬೇಗ ಮಲಗಿಬಿಡುತ್ತಿದ್ದಳು. ಅವನು ಮಾತ್ರ ಆಚೆಯಿಂದ, ಬಾರೇ, ನಿನ್ನ ನೀರಾನೆ ಬಂತು ಎಂದು ಕೂಗುತ್ತಿದ್ದ.

ಊರಿಗೆಲ್ಲ ಅದರ ಹುಚ್ಚು ಹಿಡಿಯಿತು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ಬಾಡಿಗೆ ಕೇಳಲು ಬಂದ ಮನೆಯೊಡೆಯನ ಎದುರಿಗೆ, ಎಲ್ಲ ಕಡೆ ತುಟಿ ಎಡಕ್ಕೆ ಜಾರತೊಡಗಿತು. ನಿಜವಾದ ಮಂತ್ರಿಗಳಿಗೆ ಸಿಟ್ಟು ಬಂದಿದೆಯಂತೆ, ಕಂಪನಿಯ ಬಾಗಿಲು ಮುಚ್ಚಿಸುತ್ತಾರಂತೆ ಎಂದು ಸುದ್ದಿಯೂ ಹಬ್ಬಿತು. ಯಜಮಾನ, ನಾವು ಬರೆದಿದ್ದು ನೀರಾನೆ, ಯಾರಿಗಾದರೂ ಹೋಲಿಕೆ ಕಂಡರೆ ಅವರು ಕನ್ನಡಿ ನೋಡಿಕೊಳ್ಳಲಿ ಎಂದು ಧೈರ್ಯ ಹೇಳಿದನಂತೆ. ಸೊಸೆಗೆ ಮಂತ್ರಿಯ ಭಯವಿರಲಿಲ್ಲ. ಮಂತ್ರಿ ದೂರ. ಗಂಡ ಪಕ್ಕದಲ್ಲಿ.

ಆದರೆ ಪೆಟ್ಟು ಬಂದದ್ದು ನಾವಿಬ್ಬರೂ ನಿರೀಕ್ಷಿಸದ ಕಡೆಯಿಂದ. ಒಂದು ದಿನ ಮಗ ಕಚೇರಿಯಿಂದ ಬಂದವನೇ ಚೀಲ ಇಡದೆ ಬಾಗಿಲಲ್ಲೇ ನಿಂತ. ಅಂದು ಬೆಳಿಗ್ಗೆ ಖಾಲಿ ಬಿಂದಿಗೆ ಹಿಡಿದ ಹೆಂಗಸರ ಗುಂಪು ಸಾಹೇಬರ ಕೋಣೆಗೆ ನುಗ್ಗಿತ್ತಂತೆ. ಎಲ್ಲ ಕೇಳಿಸಿಕೊಂಡು ಸಾಹೇಬರು ಎಂದಿನಂತೆ ನೋಡೋಣ ಎಂದರಂತೆ. ಗುಂಪು ಗೊಳ್ಳೆಂದು ನಕ್ಕಿತಂತೆ. ಹಿಂದಿನಿಂದ ಯಾರೋ, ಅಯ್ಯೋ ನೋಡೋಣಪ್ಪ ಇಲ್ಲೇ ಕೂತಿದ್ದಾನಲ್ರೇ ಎಂದಳಂತೆ. ಆ ಬಾಯಿ ಸಾಹೇಬರದ್ದೇ ಎಂದು ಕಚೇರಿಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ, ಅವರೊಬ್ಬರಿಗೇ ಗೊತ್ತಿರಲಿಲ್ಲ. ಅದನ್ನು ಬರೆದದ್ದು ದೂರಿನ ಕಿಟಕಿಯವನ ಹೆಂಡತಿ ಎಂದು ಟೈಪಿಸ್ಟು ಹೋಗಿ ಸಾಹೇಬರ ಕಿವಿಯೂದಿದನಂತೆ.

ಸಾಹೇಬರು ಮಗನನ್ನು ಕರೆಸಿ, ನನ್ನನ್ನು ಮನೆಯಲ್ಲಿ ಹೆಂಡತಿಯ ಮುಂದೆ ಆಡಿ ತೋರಿಸಿದ್ದೀಯ, ನನ್ನ ಅನ್ನ ತಿಂದು ನನ್ನನ್ನೇ ನೀರಾನೆ ಮಾಡಿದೆ, ನಾಳೆ ಅವಳನ್ನು ಕರೆದುಕೊಂಡು ಬಾ, ಇಲ್ಲದಿದ್ದರೆ ಕಿಟಕಿಯ ಹಿಂದೆ ಬೇರೆಯವನು ಕೂರುತ್ತಾನೆ ಎಂದರಂತೆ.

ಮಗ ಹೆಂಡತಿಯನ್ನು ನೋಡಿದ.

“ಅವರನ್ನ ಎಲ್ಲಿ ನೋಡಿದ್ದೆ ನೀನು?”

“ದೇವರಾಣೆಗೂ ಅವರ ಮುಖ ನೋಡಿಲ್ಲ ನಾನು.”

“ಹಾಗಾದ್ರೆ ಅವರ ಬಾಯಿ ಹೇಗೆ ಬರೆದೆ?”

ಅವಳು ಅವನ ಕೈಯಿಂದ ಚೀಲ ತೆಗೆದುಕೊಂಡಳು. ನಿಜ ಹೇಳಿದರೆ ಗಂಡನಿಗೆ, ಊರೆಲ್ಲ ನಕ್ಕದ್ದು ನಿನ್ನನ್ನು ನೋಡಿ ಎಂದು ಹೇಳಬೇಕು. ಹೇಳದಿದ್ದರೆ ಅವನ ಕೆಲಸ ಹೋಗಬಹುದು. ಅವನು ಉತ್ತರ ಕಾಯದೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ. ಇನ್ನೇನು ಖಾಯಂ ಆಗ್ಬೇಕಿತ್ತು ಅಮ್ಮ ಎಂದಷ್ಟೇ ಹೇಳಿದ. ಇನ್ನೇನು ಎಂದು ಅವನು ವರ್ಷಗಳಿಂದ ಹೇಳುತ್ತಿದ್ದ.

ನನಗೂ ಅವಳಿಗೂ ಬಗೆಹರಿಯದ್ದು ಇನ್ನೊಂದು. ಅವಳು ಬರೆದದ್ದು ನನ್ನ ಮಗನ ಬಾಯಿ. ಅದು ಆ ಸಾಹೇಬರ ಮುಖಕ್ಕೆ ಹೋಗಿದ್ದು ಹೇಗೆ?

ಮಾರನೆಯ ದಿನ ಅವಳು ನನ್ನ ಕೈ ಹಿಡಿದು, ನೀವೂ ಬನ್ನಿ ಅತ್ತೆ ಎಂದಳು. ದಾರಿಯುದ್ದಕ್ಕೂ ಮಗ ನಮಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಕಚೇರಿಯ ಮೆಟ್ಟಿಲು ಹತ್ತುವಾಗ ಮೇಜಿನ ಹಿಂದೆ ಕೂತವರೆಲ್ಲ ನಮ್ಮನ್ನು ನೋಡಿ ತಲೆ ತಗ್ಗಿಸಿದರು. ಕೆಲವರ ಭುಜ ಕುಲುಕುತ್ತಿತ್ತು. ದೂರಿನ ಕಿಟಕಿಯ ಮುಂದೆ ಜನ ಸಾಲಾಗಿ ನಿಂತಿದ್ದರು, ಕಿಟಕಿಯ ಹಿಂದಿನ ಕುರ್ಚಿ ಖಾಲಿಯಿತ್ತು.

ಸಾಹೇಬರು ಕೆಟ್ಟ ಮನುಷ್ಯನಂತೆ ಕಾಣಲಿಲ್ಲ. ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತು. ನನ್ನನ್ನು ನೋಡಿ, ಕೂತ್ಕೊಳ್ಳಿ ತಾಯಿ ಎಂದರು. ಹಿಂದಿನ ದಿನ ಮನೆಯಲ್ಲಿ ಹೆಂಡತಿ ಮಕ್ಕಳ ಜೊತೆ ಕೂತು ಆ ಕಾರ್ಟೂನ್ ನೋಡಿದರಂತೆ. ತಮ್ಮ ಮಗಳೇ, ಅಪ್ಪಾ ಇದು ನೀವೇ ಎಂದು ನಕ್ಕಳಂತೆ. ಇಪ್ಪತ್ತು ಸಲ ಬೈಸಿಕೊಂಡರೂ ಇಷ್ಟು ನೋಯುತ್ತಿರಲಿಲ್ಲ ಎಂದರು. ಮೇಲಿನವರು ಎಷ್ಟು ದುಡ್ಡು ಕೊಟ್ಟರೆ ಅಷ್ಟು ಪೈಪು, ಎಷ್ಟು ಪೈಪಿದ್ದರೆ ಅಷ್ಟು ನೀರು, ನಡುವೆ ಕೂತ ತಾನು ಜನಕ್ಕೆ ಇನ್ನೇನು ಹೇಳಬೇಕು ಎಂದು ಕೇಳಿದರು.

ಸೊಸೆ ಅಭ್ಯಾಸದಂತೆ ಅವರ ಬಾಯಿಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಮಾತು ಮುಗಿಸಿದಾಗಲೆಲ್ಲ ಅವರ ಕೆಳತುಟಿ ಒಂದಿಷ್ಟು ಎಡಕ್ಕೆ ಸರಿದು ಅಲ್ಲೇ ಕೂರುತ್ತಿತ್ತು. ಪಕ್ಕದಲ್ಲಿ ಕೈಕಟ್ಟಿ ನಿಂತ ನನ್ನ ಮಗನ ತುಟಿಯೂ ಅದೇ ಹೊತ್ತಿಗೆ ಎಡಕ್ಕೆ ಸರಿಯುತ್ತಿತ್ತು. ಆಗ ತಿಳಿಯಿತು. ನನ್ನ ಮಗ ಹುಡುಗನಾಗಿದ್ದಾಗ ಹಾಗಿರಲಿಲ್ಲ. ಅಂಗಡಿಗೆ ಹೋಗಿ ಬಾ ಎಂದರೆ ಹೋಗ್ತೀನಿ ಅನ್ನುತ್ತಿದ್ದ, ಇಲ್ಲವೇ ಹೋಗಲ್ಲ ಎಂದು ಓಡಿಬಿಡುತ್ತಿದ್ದ. ಈ ತುಟಿ ಅವನು ಈ ಕೋಣೆಯಲ್ಲಿ ಕೈಕಟ್ಟಿ ನಿಂತು ನಿಂತು ತಂದುಕೊಂಡದ್ದು. ಈ ಸಾಹೇಬರು ಯಾರ ಕೋಣೆಯಲ್ಲಿ ನಿಂತು ತಂದುಕೊಂಡರೋ.

“ಇದು ನನ್ನ ಬಾಯಿ ಹೌದೋ ಅಲ್ವೋ, ನನ್ನ ಮುಖ ನೋಡಿ ಹೇಳಿ,” ಎಂದರು ಸಾಹೇಬರು.

ಹೌದು ಅಂದರೂ ಕಷ್ಟ, ಅಲ್ಲ ಅಂದರೆ ಯಾರದ್ದು ಎಂದು ಕೇಳುತ್ತಾರೆ. ಸೊಸೆ ಎರಡನ್ನೂ ಹೇಳದೆ, ನೀರಾನೆಯ ಬಾಯಿ ಬದಲಾಯಿಸ್ತೀನಿ ಸಾರ್, ನಾಳೆಯಿಂದಲೇ ಬದಲಾಯಿಸ್ತೀನಿ ಎಂದಳು. ಅಷ್ಟು ಚೆಂದದ ಬಾಯಿಯನ್ನು ಅವಳು ಮತ್ತೆ ಬರೆಯಲಾರಳೆಂದು ನನಗೆ ಗೊತ್ತಿತ್ತು. ಸಾಹೇಬರ ಮುಖ ಸಡಿಲವಾಯಿತು. ಹಾಗಾದರೆ ಈ ವಿಷಯ ಇಲ್ಲಿಗೆ ಬಿಡೋಣ ಎಂದು ಅವರು ಏಳಲು ಹೊರಟರು.

ಆಗ ಅವಳು ಕೇಳಿದಳು. ಅವರನ್ನು ಸಿಕ್ಕಿಸಬೇಕೆಂದು ಕೇಳಿದ್ದಲ್ಲ. ಗಂಡನ ಗತಿ ಏನಾಗುತ್ತದೋ ಎಂಬ ಭಯಕ್ಕೆ ಬಂದ ಮಾತು ಅದು.

“ಹಾಗಾದ್ರೆ ಇವರ ಕೆಲಸ ಖಾಯಂ ಆಗುತ್ತಾ ಸಾರ್?”

ಸಾಹೇಬರು ಅಭ್ಯಾಸಬಲದಿಂದ ಬಾಯಿ ತೆರೆದರು. ತುಟಿ ಗುಂಡಗಾಯಿತು. ನೋ ಎಂದರು. ಎದುರಿಗೆ ನನ್ನ ಸೊಸೆಯ ಎರಡು ಕಣ್ಣು ಅವರ ತುಟಿಯ ಮೇಲೆ ನೆಟ್ಟಿದ್ದವು. ತುಟಿ ಹಾಗೇ ನಿಂತುಬಿಟ್ಟಿತು. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಸಾಹೇಬರು ಬಾಯಿ ಮುಚ್ಚಿದರು. ಮತ್ತೆ ತೆರೆದರು. ಬೇರೆ ಮಾತೇನೂ ಅವರ ಹತ್ತಿರ ಇರಲಿಲ್ಲ. ಕುರ್ಚಿಯಲ್ಲಿ ಮತ್ತೆ ಕೂತು, ಮೇಜಿನ ಗಾಜನ್ನು ಬೆರಳಿನಿಂದ ಒರೆಸುತ್ತ, ಇಷ್ಟು ವರ್ಷದಲ್ಲಿ ಹೇಳದ್ದನ್ನು ಹೇಳಿದರು.

“ಆಗಲ್ಲಮ್ಮ. ಆ ಹುದ್ದೇನ ಮೇಲಿನವರು ತೆಗೆದುಹಾಕಿ ಬಹಳ ವರ್ಷ ಆಯ್ತು.”

ಬಹಳ ಎಂದರೆ ಎಷ್ಟು ಎಂದು ಯಾರೂ ಕೇಳಲಿಲ್ಲ. ಮಗನ ಕಟ್ಟಿದ ಕೈ ಹಾಗೇ ಸಡಿಲವಾಗಿ ಕೆಳಗೆ ಬಿತ್ತು. ಇವನ ಮುಖ ನೋಡಿ ಹೇಳೋಕೆ ಮನಸ್ಸು ಬರುತ್ತಿರಲಿಲ್ಲ ತಾಯಿ, ಆಸೆ ಇಟ್ಟುಕೊಂಡು ಬರ್ತಿದ್ದ, ಎಂದು ಸಾಹೇಬರು ನನಗೆ ಹೇಳಿದರು. ಸುಳ್ಳಲ್ಲ ಅನ್ನಿಸಿತು. ಅದಕ್ಕೇ ಸಿಟ್ಟು ಮಾಡಲೂ ಆಗಲಿಲ್ಲ. ಈಗಿರುವ ಕೆಲಸಕ್ಕೆ ಏನೂ ಆಗುವುದಿಲ್ಲವಷ್ಟೇ ಎಂದು ಕೇಳೋಣವೆಂದುಕೊಂಡೆ. ಅದಕ್ಕೆ ಯಾವ ಉತ್ತರ ಬರುತ್ತದೋ ಎಂಬ ಹೆದರಿಕೆಯಲ್ಲಿ ಎದ್ದು ಬಂದೆ.

ಅಂದು ಸಂಜೆ ಊಟಕ್ಕೆ ಕೂತಾಗ ಮಗ ತಟ್ಟೆ ನೋಡುತ್ತಲೇ ಕೇಳಿದ.

“ಸಾಹೇಬರನ್ನ ನೀನು ಇವತ್ತೇ ಮೊದಲು ನೋಡಿದ್ದು. ಅದು ನಿಜ ತಾನೇ?”

“ನಿಜ.”

“ಹಾಗಾದ್ರೆ ನೀರಾನೆ ಬಾಯಿ ಯಾರದ್ದು?”

ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಇನ್ನು ಮುಚ್ಚಿಟ್ಟು ಉಳಿಸಿಕೊಳ್ಳುವುದು ಏನೂ ಇರಲಿಲ್ಲ.

“ನಿಮ್ಮದು,” ಎಂದಳು.

ಅವನು ಕೈ ತೊಳೆದು ಎದ್ದ. ಬೈಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಸ್ವಲ್ಪ ಹೊತ್ತಿನ ಮೇಲೆ, ಅಮ್ಮಾ ನಿಂಗೂ ಗೊತ್ತಿತ್ತಾ ಎಂದು ಅಲ್ಲಿಂದಲೇ ಕೇಳಿದ. ಗೊತ್ತಿತ್ತಪ್ಪ ಎಂದೆ. ಎಷ್ಟು ಜೋರಾಗಿ ನಕ್ಕಿದ್ದೆ ನಾನು ಎಂದ. ಅದು ತಮಾಷೆಯೋ ದುಃಖವೋ ಧ್ವನಿಯಲ್ಲಿ ತಿಳಿಯಲಿಲ್ಲ.

ಸೊಸೆ ಕೊಟ್ಟ ಮಾತು ತಪ್ಪಲಿಲ್ಲ. ಯಜಮಾನನೊಡನೆ ಜಗಳವಾಡಿ ಆ ಬಾಯಿ ತೆಗೆಸಿದಳು. ಹೊಸ ಬಾಯಿ ಹೊಂದಲಿಲ್ಲವಂತೆ. ಅದಕ್ಕೆ ಮಂತ್ರಿಗೆ ಹಲ್ಲುನೋವು ಎಂದು ಕಥೆ ಮಾಡಿ ನೀರಾನೆಯ ಬಾಯಿಗೆ ಬಟ್ಟೆ ಕಟ್ಟಿದರು. ಕಾಗೆ ಮೈಕು ಹಿಡಿದಾಗ ನೀರಾನೆ ಸುಮ್ಮನೆ ಫ್ಯಾನು ನೋಡಿತು. ಸಾಲಿನಲ್ಲಿ ನಿಂತವರೇ ಅದರ ಪರವಾಗಿ ಒಟ್ಟಾಗಿ ನೋಡೋಣ ಎಂದು, ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. ಜನ ಮೊದಲಿಗಿಂತ ಹೆಚ್ಚು ನಕ್ಕರಂತೆ. ನಮ್ಮ ಮನೆಯಲ್ಲಿ ಅಂದು ಟೀವಿ ಹಾಕಲಿಲ್ಲ.

ಮಗ ಕೆಲಸಕ್ಕೆ ಹೋಗುತ್ತಲೇ ಇದ್ದ. ಆದರೆ ಅವನು ಹೋದ ಮೇಲೆ ನಮ್ಮಿಬ್ಬರ ಜೀವ ಅಂಗೈಯಲ್ಲಿ. ಸೊಸೆ ಮಧ್ಯಾಹ್ನ ಏನೋ ನೆಪ ಮಾಡಿ ಅವನಿಗೆ ಫೋನ್ ಮಾಡುತ್ತಿದ್ದಳು, ಎತ್ತಿದರೆ ಕುರ್ಚಿ ಇನ್ನೂ ಇದೆ ಎಂದು ಲೆಕ್ಕ. ಒಂದು ದಿನ ಎತ್ತಲಿಲ್ಲ. ಅವಳು ಅರ್ಧ ಕೆಲಸ ಬಿಟ್ಟು, ತಲೆಯ ಹತ್ತಿಯನ್ನೂ ಕೊಡವದೆ ಮನೆಗೆ ಓಡಿ ಬಂದಳು. ಇಬ್ಬರೂ ಬಾಗಿಲಲ್ಲಿ ಕೂತೆವು.

ಅವನು ಬಂದದ್ದು ಎಂದಿನ ಹೊತ್ತಿಗೇ. ಅಂಗಿಯ ಮೇಲಿನ ಗುಂಡಿ ಕಿತ್ತು ನೇತಾಡುತ್ತಿತ್ತು. ಹೊಡೆದರೇನೋ ಎಂದು ನಾನು ಎದ್ದು ನಿಂತೆ. ಹೊಡೆಯಲಿಲ್ಲ ಅಮ್ಮ, ಕಾಲರ್ ಹಿಡಿದ ಅಷ್ಟೇ ಎಂದ. ಮುದುಕನೊಬ್ಬ ತನ್ನ ಬೀದಿಗೆ ಪೈಪು ಯಾವಾಗ ಎಂದು ಕೇಳಲು ಬಂದಿದ್ದನಂತೆ. ಪ್ರತಿ ತಿಂಗಳೂ ಬರುವವನಂತೆ. ಈ ವರ್ಷ ಬರಲ್ಲ, ನಿಮ್ಮ ಬೀದಿ ಪಟ್ಟಿಯಲ್ಲೇ ಇಲ್ಲ ಎಂದು ಮಗ ಹೇಳಿಬಿಟ್ಟನಂತೆ. ಕಿಟಕಿಯೊಳಗೆ ಕೈಹಾಕಿ ಕಾಲರ್ ಹಿಡಿದ ಮುದುಕ ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಹಾಗಾದರೆ ನಾನು ಏನು ಮಾಡಲಿ, ಅದನ್ನಾದರೂ ಹೇಳು ಎಂದನಂತೆ. ಮಗ ಹೊರಗೆ ಬಂದು ಅವನ ಪಕ್ಕದಲ್ಲಿ ಕೂತು, ಗೊತ್ತಿಲ್ಲ ಎಂದನಂತೆ. ಸಾಹೇಬರು ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಒಳಗೆ ಹೋದರಂತೆ. ಏನೂ ಹೇಳದೆ ಹೋದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅವನಿಗೂ ತಿಳಿದಿರಲಿಲ್ಲ.

ಸೊಸೆ ಸೂಜಿ ದಾರ ತಂದು ಅವನು ಅಂಗಿ ಹಾಕಿಕೊಂಡಿದ್ದಂತೆಯೇ ಗುಂಡಿ ಹೊಲಿದಳು. ದಾರ ಕಚ್ಚಿ ಕಡಿದು, ಮುಖ ಮೇಲೆತ್ತದೆ ಕೇಳಿದಳು.

“ನಾಳೆ ಹೋಗ್ತೀರಾ?”

ಅವನು ಬಾಯಿ ತೆರೆದ. ನಾವಿಬ್ಬರೂ ಆ ತುಟಿಯನ್ನೇ ನೋಡುತ್ತ ಕೂತೆವು.

“ಹೋಗ್ತೀನಿ,” ಎಂದ.